ಹತ್ತನೆಯ ವಯಸ್ಸಿನ ಕವಲು

ಹತ್ತೊಂಬತ್ತನೆಯ ಶತಮಾನದಲ್ಲಿ ಜರ್ಮನಿಯ ವ್ಯೂರ್ಟೆಂಬೆರ್ಗ್ ಪ್ರಾಂತದ ಹಲವು ತರುಣರು ಬಾಸೆಲ್ ಮಿಶನ್ನಿನ ಮೂಲಕ ಕರಾವಳಿಗೂ ಧಾರವಾಡ ಸೀಮೆಗೂ ಬಂದರು. ಟ್ಯೂಬಿಂಗೆನ್‌ನಲ್ಲಿ ಓದಿದ ಹೆರ್ಮನ್ ಮೋಗ್ಲಿಂಗ್ 1836ರಲ್ಲಿ ಮಂಗಳೂರಿಗೆ ಬಂದರು. ಏಳು ವರ್ಷಗಳಲ್ಲಿ ಕನ್ನಡದ ಮೊದಲ ಪತ್ರಿಕೆಯನ್ನು ಹೊರಡಿಸುವಷ್ಟು ಕನ್ನಡ ಕಲಿತರು. ಜರ್ಮನಿಯ ಉತ್ತರ ಭಾಗದವರಾದ ಫರ್ಡಿನೆಂಡ್ ಕಿಟೆಲ್ ಜೈನ ವೈಯಾಕರಣ ಕೇಶಿರಾಜನ ‘ಶಬ್ದಮಣಿದರ್ಪಣ’ವನ್ನು 1872ರಲ್ಲಿ ಸಂಪಾದಿಸಿದರು, 1894ರಲ್ಲಿ ನಿಘಂಟನ್ನು ಮುಗಿಸಿದರು. ಎರಡು ವರ್ಷಗಳ ಬಳಿಕ ಟ್ಯೂಬಿಂಗೆನ್ ವಿಶ್ವವಿದ್ಯಾಲಯ ಅವರಿಗೆ ಗೌರವ ಡಾಕ್ಟರೇಟ್ ನೀಡಿತು. ಇಂದು ಪ್ರಯಾಣದ ದಿಕ್ಕು ತಿರುಗಿದೆ. ಬೆಂಗಳೂರಿನ ಎಂಜಿನಿಯರುಗಳು ಮಡದಿ ಮಕ್ಕಳೊಡನೆ ಸ್ಟುಟ್‌ಗಾರ್ಟ್, ಮ್ಯೂನಿಕ್, ವಿಯೆನ್ನಾ, ಜ್ಯೂರಿಕ್‌ಗಳಿಗೆ ಹೊರಡುತ್ತಿದ್ದಾರೆ. ಎರಡು ವಲಸೆಗಳ ನಡುವೆ ಒಂದು ಮುಖ್ಯ ವ್ಯತ್ಯಾಸವಿದೆ. ಮೋಗ್ಲಿಂಗ್, ಕಿಟೆಲ್ ಮುಂತಾದವರು ಪ್ರಾಯಕ್ಕೆ ಬಂದ ಮೇಲೆ ತಾವೇ ಆರಿಸಿಕೊಂಡು ಪರಭಾಷೆಯನ್ನು ಕಲಿತರು, ಅವರಿಗೆ ಗಡುವಿರಲಿಲ್ಲ. ಇಂದಿನ ಮಗು ತಂದೆತಾಯಿಯರ ನಿರ್ಧಾರದಿಂದ ಹೋಗುತ್ತದೆ, ಅದರ ಭಾಷಾಕಲಿಕೆಗೆ ಗಡುವುಂಟು.

ಆ ಗಡುವು ಹೆಚ್ಚಿನ ಕುಟುಂಬಗಳ ಲೆಕ್ಕಾಚಾರದಲ್ಲಿ ಇರುವುದಿಲ್ಲ. ಜರ್ಮನಿಯ ಸರಕಾರಿ ವಿಶ್ವವಿದ್ಯಾಲಯಗಳಲ್ಲಿ ಬಹುಪಾಲು ಬೋಧನಾ ಶುಲ್ಕವಿಲ್ಲ ಎಂಬುದು ಎಲ್ಲರಿಗೂ ತಿಳಿದ ಸಂಗತಿ. ಆದ್ದರಿಂದ ಅವರ ದೃಷ್ಟಿ ಮಗುವಿನ ಹದಿನೆಂಟನೆಯ ವಯಸ್ಸಿನ ಮೇಲೆ ನೆಟ್ಟಿರುತ್ತದೆ. ಆದರೆ ದಾರಿ ಕವಲೊಡೆಯುವುದು ಹತ್ತನೆಯ ವಯಸ್ಸಿನಲ್ಲಿ. ಶಿಕ್ಷಣವು ಅಲ್ಲಿ ಒಕ್ಕೂಟದ ಹದಿನಾರು ರಾಜ್ಯಗಳ ಅಧಿಕಾರಕ್ಕೆ ಸೇರಿದ್ದು. ಬಹುತೇಕ ರಾಜ್ಯಗಳಲ್ಲಿ ‘ಗ್ರುಂಡ್‌ಶೂಲೆ’ ಎಂಬ ಪ್ರಾಥಮಿಕ ಶಾಲೆ ನಾಲ್ಕನೆಯ ತರಗತಿಗೆ ಮುಗಿಯುತ್ತದೆ. ಬರ್ಲಿನ್ ಮತ್ತು ಬ್ರಾಂಡೆನ್‌ಬುರ್ಗ್‌ಗಳಲ್ಲಿ ಮಾತ್ರ ಸಾಮಾನ್ಯವಾಗಿ ಆರನೆಯದಕ್ಕೆ. ಅನಂತರ ಮಕ್ಕಳು ಬೇರೆ ಬೇರೆ ಶಾಲೆಗಳಿಗೆ ಹಂಚಿಹೋಗುತ್ತಾರೆ. ನೇರವಾಗಿ ವಿಶ್ವವಿದ್ಯಾಲಯದ ಕಡೆಗೆ ಒಯ್ಯುವ ಶಾಲೆಯ ಹೆಸರು ‘ಗಿಮ್ನಾಸಿಯುಂ’. ಮಧ್ಯಮ ಹಂತದ ‘ರಿಯಾಲ್‌ಶೂಲೆ’, ಕಸುಬಿನ ತರಬೇತಿಯತ್ತ ನಡೆಸುವ ಶಾಲೆ, ಎಲ್ಲರನ್ನೂ ಒಂದೇ ಸೂರಿನಡಿ ಇರಿಸಿಕೊಳ್ಳುವ ‘ಗೆಜಾಮ್ಟ್‌ಶೂಲೆ’ ಇವು ಉಳಿದವು. ಬವೇರಿಯಾದಲ್ಲಿ ಗಿಮ್ನಾಸಿಯುಂ ಸೇರಲು ನಾಲ್ಕನೆಯ ತರಗತಿಯ ಜರ್ಮನ್, ಗಣಿತ ಹಾಗೂ ಪರಿಸರ ಪರಿಚಯದ ವಿಷಯಗಳಲ್ಲಿ ಸರಾಸರಿ 2.33 ಅಥವಾ ಅದಕ್ಕಿಂತ ಉತ್ತಮ ಶ್ರೇಣಿ ಬೇಕು. ಅಲ್ಲಿ 1 ಅತ್ಯುತ್ತಮ, 6 ಅತಿ ಕನಿಷ್ಠ. ಅಂಕ ಏರಿದಷ್ಟೂ ಹಿಗ್ಗುವ ನಮ್ಮ ಮನೆಗಳಿಗೆ ಮೊದಲ ಗೊಂದಲ ಇಲ್ಲಿಂದಲೇ ಶುರುವಾಗುತ್ತದೆ.

ಈ ವ್ಯವಸ್ಥೆಯನ್ನು ಕ್ರೂರವೆಂದು ತಳ್ಳಿಹಾಕುವ ಮೊದಲು ಅದರ ಚರಿತ್ರೆಯನ್ನು ನೋಡಬೇಕು. ಶಾಲಾಂತ್ಯದ ‘ಅಬಿಟೂರ್’ ಪರೀಕ್ಷೆ ಪ್ರಷ್ಯಾದಲ್ಲಿ ಜಾರಿಗೆ ಬಂದದ್ದು 1788ರಲ್ಲಿ. 1809-10ರಲ್ಲಿ ಅಲ್ಲಿನ ಶಿಕ್ಷಣಾಡಳಿತದ ಹೊಣೆ ಹೊತ್ತ ವಿಲ್‌ಹೆಲ್ಮ್ ಫಾನ್ ಹುಂಬೋಲ್ಟ್ ಗಿಮ್ನಾಸಿಯುಂಗೆ ಹೊಸ ರೂಪ ಕೊಟ್ಟರು, ಬರ್ಲಿನ್ ವಿಶ್ವವಿದ್ಯಾಲಯದ ಸ್ಥಾಪನೆಗೆ ಕಾರಣರಾದರು. ಕಸುಬಿನ ತರಬೇತಿಗೆ ಮೊದಲು ಪ್ರತಿಯೊಬ್ಬನೂ ಮನುಷ್ಯನಾಗಿ ಅರಳಬೇಕು ಎಂಬುದು ಅವರ ನಿಲುವು. ಆದರೂ ಆ ಶತಮಾನದುದ್ದಕ್ಕೂ ಉಳ್ಳವರ ಮಕ್ಕಳು ಶುಲ್ಕ ತೆತ್ತು ಪ್ರತ್ಯೇಕ ಪೂರ್ವಶಾಲೆಗಳ ಮೂಲಕವೇ ಗಿಮ್ನಾಸಿಯುಂಗೆ ಹೋಗುತ್ತಿದ್ದರು. ವೈಮಾರ್ ಗಣರಾಜ್ಯದ 1920ರ ಕಾನೂನು ಎಲ್ಲ ಮಕ್ಕಳಿಗೂ ನಾಲ್ಕು ವರ್ಷಗಳ ಸಮಾನ ಪ್ರಾಥಮಿಕ ಶಿಕ್ಷಣವನ್ನು ವಿಧಿಸಿತು. ಇಂದು ತೀರಾ ಬೇಗನೆ ಬರುವ ಅಗಲಿಕೆ ಎನಿಸುವುದು ಅಂದು ಸಮಾನತೆಯ ಗೆಲುವಾಗಿತ್ತು. ಆ ಗೆಲುವು ಅಪೂರ್ಣವೆಂಬುದನ್ನು 2001ರಲ್ಲಿ ಪ್ರಕಟವಾದ ಮೊದಲ ‘ಪೀಸಾ’ ಅಂತಾರಾಷ್ಟ್ರೀಯ ಸಮೀಕ್ಷೆ ತೋರಿಸಿತು. ಜರ್ಮನಿಯಲ್ಲಿ ಮಗುವಿನ ಸಾಧನೆಯು ಮನೆಯ ಸ್ಥಿತಿಗತಿಗೆ ಬಿಗಿಯಾಗಿ ಕಟ್ಟುಬಿದ್ದಿದೆ ಎಂಬ ಫಲಿತಾಂಶ ಆ ದೇಶವನ್ನೇ ಬೆಚ್ಚಿಬೀಳಿಸಿತು.

ಹೀಗಿರುವಾಗ ವಲಸೆ ಹೋಗುವ ಕುಟುಂಬ ಕೇಳಬೇಕಾದ ಮೊದಲ ಪ್ರಶ್ನೆ ‘ಯಾವ ಶಾಲೆ ಒಳ್ಳೆಯದು?’ ಎಂಬುದಲ್ಲ, ‘ಮಗು ಯಾವ ವಯಸ್ಸಿನಲ್ಲಿ ಆ ಭಾಷೆಯನ್ನು ಪ್ರವೇಶಿಸುತ್ತಿದೆ?’ ಎಂಬುದು. ನಾಲ್ಕರ ಮಗು ಶಿಶುವಿಹಾರದ ಆಟದಲ್ಲೇ ಜರ್ಮನ್ ಹಿಡಿಯುತ್ತದೆ. ಒಂಬತ್ತರ ಮಗುವಿಗೆ ಕವಲಿನ ಮುನ್ನ ಒಂದೇ ವರ್ಷ ಉಳಿದಿರುತ್ತದೆ. ಗಣಿತದಲ್ಲಿ ಅದು ಸಹಪಾಠಿಗಳಿಗಿಂತ ಮುಂದಿದ್ದರೂ, ಲೆಕ್ಕವನ್ನು ವಿವರಿಸುವ ವಾಕ್ಯ ಅರ್ಥವಾಗದೆ ಹಿಂದುಳಿದಂತೆ ಕಾಣಬಹುದು. ಭಾಷೆಯ ಕೊರತೆಯನ್ನು ಬುದ್ಧಿಯ ಕೊರತೆಯೆಂದು ಎಣಿಸುವ ಅಪಾಯ ಇಲ್ಲಿದೆ. ಇದಕ್ಕೆಂದೇ ಜರ್ಮನ್ ರಾಜ್ಯಗಳಲ್ಲಿ ಹೊಸಬರಿಗೆ ಪೂರ್ವಸಿದ್ಧತಾ ತರಗತಿಗಳಿವೆ. ಆಸ್ಟ್ರಿಯಾದಲ್ಲಿ 2018-19ರಿಂದ, ಜರ್ಮನ್ ಸಾಲದ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ವಾರಕ್ಕೆ 15 ಗಂಟೆ, ಮೇಲಿನ ಹಂತದಲ್ಲಿ 20 ಗಂಟೆ ಪ್ರತ್ಯೇಕ ಭಾಷಾ ತರಗತಿ ಕಡ್ಡಾಯವಾಯಿತು. ಅಲ್ಲಿಯೂ ಕವಲು ನಾಲ್ಕನೆಯ ತರಗತಿಯ ಅನಂತರವೇ.

ಸ್ವಿಟ್ಜರ್‌ಲೆಂಡಿನ ಜರ್ಮನ್ ಭಾಗದಲ್ಲಿ ಕವಲು ತುಸು ತಡವಾಗಿ, ಆರನೆಯ ತರಗತಿಯ ಕೊನೆಗೆ ಬರುತ್ತದೆ. ಜ್ಯೂರಿಕ್ ಪ್ರಾಂತದಲ್ಲಿ ಗಿಮ್ನಾಸಿಯುಂ ಸೇರಲು ಲಿಖಿತ ಪ್ರವೇಶ ಪರೀಕ್ಷೆಯೇ ಇದೆ. ಅಲ್ಲಿನ ಕಷ್ಟ ಬೇರೆ ಬಗೆಯದು. ಬೀದಿಯಲ್ಲಿ, ಆಟದ ಬಯಲಿನಲ್ಲಿ ಕೇಳುವುದು ಸ್ವಿಸ್ ಜರ್ಮನ್. ಬರೆದು ತೇರ್ಗಡೆಯಾಗಬೇಕಾದದ್ದು ಶಿಷ್ಟ ಜರ್ಮನ್. ಶಿಶುವಿಹಾರದ ಭಾಷೆ ಆಡುನುಡಿಯೇ ಆಗಿರಬೇಕೆಂದು ಜ್ಯೂರಿಕ್‌ನ ಮತದಾರರು 2011ರಲ್ಲಿ ತೀರ್ಪಿತ್ತರು. ಮನೆಯಲ್ಲಿ ಕುಂದಗನ್ನಡ ಆಡಿ ಪಠ್ಯದಲ್ಲಿ ಗ್ರಂಥಸ್ಥ ಕನ್ನಡ ಓದಿದವರಿಗೆ ಈ ಇಬ್ಬಗೆ ಹೊಸದೇನಲ್ಲ. ಆದರೆ ಹೊರಗಿನಿಂದ ಬಂದ ಮಗು ಎರಡನ್ನೂ ಒಟ್ಟಿಗೇ ಹೊರಬೇಕು.

ಕವಲು ಎಂದರೆ ಬೇಲಿಯಲ್ಲ ಎಂಬುದನ್ನೂ ಹೇಳಬೇಕು. ರಿಯಾಲ್‌ಶೂಲೆ ಮುಗಿಸಿ ಉತ್ತಮ ಶ್ರೇಣಿ ಪಡೆದವರು ಮೇಲಿನ ಹಂತಕ್ಕೆ ದಾಟಿ ಅಬಿಟೂರ್ ಬರೆಯಬಹುದು. ಕಂಪನಿಯಲ್ಲಿ ಕೆಲಸ, ವೃತ್ತಿಶಾಲೆಯಲ್ಲಿ ಪಾಠ ಎರಡನ್ನೂ ಬೆಸೆದ ತರಬೇತಿ ಎರಡರಿಂದ ಮೂರೂವರೆ ವರ್ಷಗಳದು, ಅದಕ್ಕೆ ಭತ್ಯೆಯೂ ಇದೆ. ಅದರ ಮೇಲಿನ ‘ಮೈಸ್ಟರ್’ ಪದವಿ ಪಡೆದವರಿಗೆ ವಿಶ್ವವಿದ್ಯಾಲಯದ ಬಾಗಿಲು ತೆರೆಯಬೇಕೆಂದು 2009ರಲ್ಲಿ ರಾಜ್ಯಗಳ ಶಿಕ್ಷಣ ಸಚಿವರು ಒಮ್ಮತಕ್ಕೆ ಬಂದರು. ಇಷ್ಟಾದರೂ ಭಾರತೀಯ ಕುಟುಂಬಗಳು ಈ ದಾರಿಯನ್ನು ಸೋಲೆಂದೇ ಕಾಣುತ್ತವೆ. ಆದಿಪುರಾಣದ ವೃಷಭನಾಥ ಬ್ರಾಹ್ಮಿಗೆ ಲಿಪಿಯನ್ನೂ ಸುಂದರಿಗೆ ಗಣಿತವನ್ನೂ ಕಲಿಸಿದ್ದನ್ನು ನಾವು ಹೆಮ್ಮೆಯಿಂದ ನೆನೆಯುತ್ತೇವೆ. ಅದೇ ಆದಿದೇವ ಪ್ರಜೆಗಳಿಗೆ ಅಸಿ, ಮಸಿ, ಕೃಷಿ, ವಿದ್ಯೆ, ವಾಣಿಜ್ಯ, ಶಿಲ್ಪಗಳೆಂಬ ಷಟ್ಕರ್ಮಗಳನ್ನು ಒಂದೇ ಸಾಲಿನಲ್ಲಿ ಬೋಧಿಸಿದ ಎಂಬುದನ್ನು ಮರೆಯುತ್ತೇವೆ. ಲೇಖನಿಯೂ ಉಳಿಯೂ ಅಲ್ಲಿ ಅಕ್ಕಪಕ್ಕದಲ್ಲಿವೆ.

ದ್ವಿತೀಯ ಪಿಯುಸಿ ಮುಗಿಸಿ ಹೋಗುವವರ ದಾರಿ ಬೇರೆ. ಪಿಯುಸಿ ಒಂದೇ ಸಾಮಾನ್ಯವಾಗಿ ನೇರ ಪ್ರವೇಶಕ್ಕೆ ಸಾಲದು. ಜೆಇಇ ಅಡ್ವಾನ್ಸ್‌ಡ್ ತೇರ್ಗಡೆಯೋ ಭಾರತದಲ್ಲಿ ಪದವಿಯ ಆರಂಭಿಕ ಓದೋ ನಡುವಿನ ಮೆಟ್ಟಿಲಾಗಬೇಕು. 2022ರ ನವೆಂಬರಿನಿಂದ ವಿದ್ಯಾರ್ಥಿ ವೀಸಾಕ್ಕೆ ‘ಎಪಿಎಸ್’ ಎಂಬ ದಾಖಲೆ ಪರಿಶೀಲನಾ ಪತ್ರವೂ ಬೇಕಾಗಿದೆ. ಸ್ನಾತಕ ಹಂತದ ಬೋಧನೆ ಬಹುಮಟ್ಟಿಗೆ ಜರ್ಮನ್ನಿನಲ್ಲೇ ನಡೆಯುತ್ತದೆ. ಶುಲ್ಕವಿಲ್ಲವೆಂಬ ಮಾತಿಗೂ ಅಪವಾದಗಳುಂಟು: ಬಾಡೆನ್-ವ್ಯೂರ್ಟೆಂಬೆರ್ಗ್ ರಾಜ್ಯ 2017ರಿಂದ ಐರೋಪ್ಯ ಒಕ್ಕೂಟದ ಹೊರಗಿನ ವಿದ್ಯಾರ್ಥಿಗಳಿಂದ ಸೆಮಿಸ್ಟರಿಗೆ 1,500 ಯೂರೊ ಪಡೆಯುತ್ತಿದೆ. ಅಲ್ಲಿಯೇ ಶಾಲೆ ಕಲಿತು ಅಬಿಟೂರ್ ಪಡೆದವರಿಗೆ, ಪಾಸ್‌ಪೋರ್ಟ್ ಭಾರತದ್ದಾದರೂ, ಈ ಶುಲ್ಕವಿಲ್ಲ. ವಿಶ್ವವಿದ್ಯಾಲಯದ ಅಗ್ಗದ ಬಾಗಿಲಿನ ಕೀಲಿ ಹೀಗೆ ಮತ್ತೆ ಶಾಲೆಯ ಕೈಯಲ್ಲೇ ಇದೆ.

ಇಷ್ಟೆಲ್ಲ ಒತ್ತಡದ ನಡುವೆ ಅನೇಕ ಮನೆಗಳಲ್ಲಿ ಮೊದಲು ಬಿಟ್ಟುಹೋಗುವುದು ಕನ್ನಡ. ಜರ್ಮನ್ನಿಗೆ ಎಡೆ ಮಾಡಿಕೊಡಲು ತಾಯ್ನುಡಿಯನ್ನು ತೆರವು ಮಾಡಬೇಕೆಂಬ ಭ್ರಮೆ ಇದಕ್ಕೆ ಕಾರಣ. ಗಿಮ್ನಾಸಿಯುಂಗೆ ರೂಪ ಕೊಟ್ಟ ಹುಂಬೋಲ್ಟರೇ ಪ್ರತಿಯೊಂದು ಭಾಷೆಯೂ ಲೋಕವನ್ನು ಕಾಣುವ ಬೇರೊಂದು ದೃಷ್ಟಿ ಎಂದು ನಂಬಿದ್ದವರು. ಸಂಸ್ಕೃತ ಕಲಿತು 1825-26ರಲ್ಲಿ ಬರ್ಲಿನ್ ಅಕಾಡೆಮಿಯಲ್ಲಿ ಭಗವದ್ಗೀತೆಯ ಕುರಿತು ಪ್ರಬಂಧ ಮಂಡಿಸಿದವರು. ಅವರ ಶಾಲೆಯನ್ನು ಸೇರಲು ಅವರ ಭಾಷಾಚಿಂತನೆಯನ್ನೇ ತೊರೆಯುವುದು ವಿಪರ್ಯಾಸ. ತಾಯ್ನುಡಿಯಲ್ಲಿ ಕಥೆ ಕೇಳಿ, ಕಾರಣ ಕೇಳಿ, ವಾದಿಸಿ ಬೆಳೆದ ಮಗುವಿಗೆ ಹೊಸ ಭಾಷೆಯಲ್ಲಿ ಬೇಕಾದದ್ದು ಪದಗಳು ಮಾತ್ರ, ಆಲೋಚನೆಯ ಕ್ರಮ ಅದಕ್ಕೆ ಆಗಲೇ ಸಿದ್ಧಿಸಿರುತ್ತದೆ.

ಇದರಲ್ಲಿ ಕನ್ನಡದ ವಿದ್ವಾಂಸರ ಪಾಲೂ ಇದೆ. ತಡವಾಗಿ ಬಂದ ಮಕ್ಕಳು ಕಡ್ಡಾಯ ವಿದೇಶಿ ಭಾಷೆಯೊಂದರ ಬದಲು ತಾಯ್ನುಡಿಯಲ್ಲಿ ಪರೀಕ್ಷೆ ಕೊಡುವ ಅವಕಾಶವನ್ನು ಕೆಲವು ಜರ್ಮನ್ ರಾಜ್ಯಗಳು ಇಟ್ಟಿವೆ. ನಿಬಂಧನೆ ಒಂದು: ಆ ಭಾಷೆಗೆ ಅರ್ಹ ಪರೀಕ್ಷಕರು ದೊರೆಯಬೇಕು. ವ್ಯೂರ್ಟ್ಸ್‌ಬುರ್ಗ್ ವಿಶ್ವವಿದ್ಯಾಲಯದಲ್ಲಿ ಕನ್ನಡ ಬೋಧನೆಯಿದೆ. ಮ್ಯೂನಿಕ್‌ನಲ್ಲಿ ಜೈನ ಅಧ್ಯಯನಕ್ಕೂ ಕನ್ನಡಕ್ಕೂ ದುಡಿದ ರಾಬರ್ಟ್ ಝೈಡೆನ್‌ಬಾಸ್ ಆಧುನಿಕ ಕನ್ನಡದ ಕೈಪಿಡಿಯನ್ನೇ ರಚಿಸಿದ್ದಾರೆ. ಹದಿಮೂರರಲ್ಲಿ ಊರು ಬಿಟ್ಟ ಒಂದು ಮಗುವಿಗೆ ಕನ್ನಡವು ಸವಿನೆನಪಾಗಿ ಅಷ್ಟೇ ಉಳಿಯುತ್ತದೆಯೋ, ಅಂಕಪಟ್ಟಿಯಲ್ಲಿ ಒಂದು ಸಾಲಾಗುತ್ತದೆಯೋ ಎಂಬುದು ಆ ಮಗುವಿನ ಉತ್ತರವನ್ನು ಓದಿ ಬೆಲೆಕಟ್ಟಬಲ್ಲ ಒಬ್ಬರು ಅಲ್ಲಿ ಇದ್ದಾರೆಯೇ ಎಂಬುದನ್ನು ಅವಲಂಬಿಸಿದೆ.