ಕಲ್ಲು ಹೊಳೀಗಿ

ಮಂಗಳೂರಿನಲ್ಲಿ ಓದುವ ಮೊಮ್ಮಗ ಮೊನ್ನೆ ಮೊಬೈಲಿಗೆ ಒಂದು ವಿಡಿಯೊ ಕಳಿಸಿದ. ಸಂಜೆ ಹೊತ್ತು, ಸಮುದ್ರದ ದಂಡೆ. ಅವನ ಗೆಳೆಯ ಬಾಗಿದ ಕೋಲು ಹಿಡಿದು ಹಿಂದಕ್ಕೆ ಹಿಂದಕ್ಕೆ ಸರಿಯುತ್ತಿದ್ದ. ಬಹಳ ಹೊತ್ತು ಹೆಣಗಿದ ಮೇಲೆ ನೊರೆಯೊಳಗಿಂದ ರೊಟ್ಟಿ ಹಂಚಿನಷ್ಟು ಅಗಲದ ಚಪ್ಪಟೆ ಪ್ರಾಣಿಯೊಂದು ಬಂತು, ಬಾಲ ಮಾತ್ರ ಬಾರುಕೋಲಿನಂಗ. ತೊರಕೆ ಅಂತ ಹೆಸರು. ಉಸುಕಿಗೆ ಮೈ ಅಂಟಿಸಿ ಮಲಗುತ್ತದೆ, ಬಾಯಿ ಹೊಟ್ಟೆಯ ಕಡೆ, ಬಾಲದಲ್ಲಿ ವಿಷದ ಮುಳ್ಳು. ಏಡಿಯೋ ಸಿಗಡಿಯೋ ಬೂತಾಯಿ ತುಂಡೋ ತಳದಲ್ಲಿ ಬಿದ್ದಿದ್ದರೆ ಮೇಲೆ ಮುಚ್ಚಿಕೊಂಡು ತಿನ್ನುತ್ತದಂತೆ. ಗಾಳ ನಾಟಿದ ಮೇಲೆ ನೆಲ ಕಚ್ಚಿತೆಂದರೆ ಹಸಿ ಗೋಡೆಗೆ ಹಚ್ಚಿದ ಕುಳ್ಳು ಕಿತ್ತಂಗ ಕೀಳಬೇಕು.

ಹಿಂದೆಯೇ ಫೋನು: "ಅಜ್ಜಾ, ನಮ್ಮ ಹೊಳ್ಯಾಗ ಇಂಥಾವು ಇದ್ದೂವೇನು?"

ಇರಲಿಲ್ಲಪ್ಪಾ ಅಂದೆ. ಕೃಷ್ಣೆಯಲ್ಲಾಗಲಿ ಘಟಪ್ರಭೆಯಲ್ಲಾಗಲಿ ತೊರಕೆ ನಾನು ನೋಡಿದವನಲ್ಲ. ಆದರೆ ಆ ಹುಡುಗ ದಾರಕ್ಕೆ ಸೀಸ ಕಟ್ಟಿದ್ದು ನೋಡಿದ ಕೂಡಲೇ ನನ್ನ ಬಲಗಾಲಿನ ಹೆಬ್ಬೆರಳು ಜುಮ್ಮೆಂದಿತು. ಯಾಕೆಂಬುದನ್ನು ಫೋನಿನಲ್ಲಿ ಹೇಳಲಾಗಲಿಲ್ಲ.

ರಬಕವಿ ನನ್ನ ಸೋದರಮಾವನ ಊರು. 1970ರ ಆಚೀಚೆ, ಬೇಸಿಗೆ ಸೂಟಿ ಬಿತ್ತೆಂದರೆ ನಾನು ಅಲ್ಲೇ. ಊರೊಳಗೆ ಮಗ್ಗದ ಸಪ್ಪಳ, ಊರ ಹೊರಗೆ ಹೊಳೆ. ಆಚೆ ದಂಡೆಯ ಮಹಿಷವಾಡಗಿಗೆ ದೋಣಿ ದಾಟಿಸುವ ಅಂಬಿಗನೊಬ್ಬನಿದ್ದ. ಎಲ್ಲರೂ ಅವನನ್ನು ಗಾಳದ ಕಾಕಾ ಅನ್ನುತ್ತಿದ್ದರು. ಹಗಲೆಲ್ಲ ದೋಣಿ, ರಾತ್ರಿಯೆಲ್ಲ ಗಾಳ. ಬಲೆ ಅವನ ಅಣ್ಣತಮ್ಮಂದಿರ ಹತ್ತಿರವಿತ್ತು, ಇವನು ಮುಟ್ಟುತ್ತಿರಲಿಲ್ಲ. "ಬಲಿ ಅಂದ್ರ ಸಂತಿ ಇದ್ದಂಗ, ಎಲ್ಲಾರೂ ಬರ್ತಾರ. ಗಾಳ ಅಂದ್ರ ಒಬ್ಬಾಂವನ ಕೂಡ ಮಾತಾಡಿದಂಗ" ಅನ್ನುತ್ತಿದ್ದ.

ಕಾಕಾ ಮಾತಾಡುತ್ತಿದ್ದದ್ದು ಬಾಳಿಮೀನಿನ ಕೂಡ. ಬಾಳಿ ಹಗಲು ಮಡುವಿನ ತಳದಲ್ಲಿ ಬಂಡೆ ಮರೆಗೆ ಬಿದ್ದಿರುತ್ತದೆ, ಕತ್ತಲಾದ ಮೇಲೆ ಬೇಟೆಗೆ ಏಳುತ್ತದೆ. ಹುರುಪೆ ಇಲ್ಲದ ಬೆಳ್ಳನ್ನ ಮೈ, ಕಣ್ಣಿನಾಚೆಗೂ ಸೀಳಿದ ಬಾಯಿ, ಬಾಯಿ ತುಂಬ ಅರದಂಥ ಹಲ್ಲು. ಎಳೆಯ ಹುಡುಗನಷ್ಟು ಉದ್ದದ್ದು ಬಂದದ್ದನ್ನು ನಾನೇ ನೋಡಿದ್ದೇನೆ. ತೂಕ ಎಷ್ಟೆಂದು ಕೇಳಬೇಡಿ, ತಕ್ಕಡಿ ಹತ್ತುವ ಮೊದಲೇ ಅದು ಓಣಿಯಲ್ಲಿ ಹಂಚಿಹೋಗಿರುತ್ತಿತ್ತು.

ನೈಲಾನ್ ದಾರ ಜಮಖಂಡಿ ಪೇಟೆಗೆ ಬಂದಿತ್ತು, ಆದರೂ ಕಾಕಾಗೆ ಅದರ ಮೇಲೆ ನಂಬಿಕೆ ಇರಲಿಲ್ಲ. ಮಗ್ಗದ ಹತ್ತಿ ನೂಲನ್ನೇ ಮೂರೆಳೆ ಹುರಿ ಹಾಕಿ, ಜಾಲಿ ತೊಗಟೆಯ ಕಷಾಯದಲ್ಲಿ ಕುದಿಸಿ, ನೆರಳಿಗೆ ಒಣಗಿಸಿ, ಮತ್ತೆ ಕುದಿಸುತ್ತಿದ್ದ. ಹಂಗೆ ಮಾಡಿದರೆ ನೂಲು ಕೊಳೆಯುವುದಿಲ್ಲ. ಹಂಡೆಯಲ್ಲಿ ತೊಗಟೆ ಕುದಿಯುವಾಗಿನ ಆ ಒಗರು ವಾಸನೆ, ಅದರೊಳಗೆ ನೂಲಿಗೆ ಹಚ್ಚಿದ್ದ ಗಂಜಿಯ ಹುಳಿ, ಒಲೆಯ ಹೊಗೆ! ಇವತ್ತಿಗೂ ಮಳೆಗೆ ತೊಯ್ದ ಜಾಲಿಗಿಡದ ಪಕ್ಕ ಹಾದರೆ ನನಗೆ ಹನ್ನೆರಡು ವರ್ಷ.

ಆ ನೂಲಿಗಾಗಿ ನಡೆದ ಚೌಕಾಶಿಯೊಂದು ನೆನಪಿದೆ. ಮಗ್ಗದ ಸಾವುಕಾರ ಮೀನು ಮುಟ್ಟದ ಮನೆತನದವ, ಕಾಕಾನ ಹತ್ತಿರ ರೊಕ್ಕವಿಲ್ಲ. ಒಂದು ಲಡಿ ನೂಲಿಗೆ ಐದು ಸಲ ಹೊಳೆ ದಾಟಿಸಬೇಕೆಂದ ಸಾವುಕಾರ. ಕಾಕಾ ಮೂರಕ್ಕೆ ನಿಂತ. ಕಡೆಗೆ ಸಾವುಕಾರ, "ಆತು, ಮೂರ ಸಲ. ಆದ್ರ ಹೋಗೂದು ಬರೂದು ಕೂಡಿ ಒಂದು" ಅಂದ. ಕಾಕಾ ತಲೆ ಕೆರೆದುಕೊಂಡು, "ಹೋಗೂದು ಮೂರೂ ಪುಕ್ಕಟ ಧಣಿ. ಬರೂದು ನಿಮ್ಮ ಖುಷಿ, ಬರದಿದ್ರೂ ನಡೀತೈತಿ" ಅಂದುಬಿಟ್ಟ. ಸಾವುಕಾರ ನಕ್ಕು ಎರಡು ಲಡಿ ಎಸೆದ.

ಕಾಕಾನ ಗಾಳದ ಕಟ್ಟು ಹೀಗೆ. ಮುಖ್ಯ ದಾರದ ತುದಿಗೆ ಸೈಕಲ್ ಬ್ರೇಕಿನ ವೈಯರಿನಿಂದ ಬಿಚ್ಚಿದ ಒಂದೆಳೆ ತಂತಿ, ಒಂದು ಗೇಣು. ಬಾಳಿಯ ಹಲ್ಲಿಗೆ ನೂಲು ತಾಳುವುದಿಲ್ಲ. ತಂತಿಯ ತುದಿಗೆ ಗಾಳ. ಗಾಳದಿಂದ ಒಂದು ಮೊಳ ಮೇಲೆ, ಬೇರೆಯೇ ಒಂದು ಹಳೇ ಜೀರ್ಣ ನೂಲಿನಲ್ಲಿ ಹೊಳೆಗಲ್ಲು. ಸೀಸಕ್ಕೆ ರೊಕ್ಕ ಯಾರು ಕೊಡಬೇಕು? ಕಲ್ಲು ಬಂಡೆ ಸಂದಿಗೆ ಸಿಕ್ಕಿಕೊಂಡರೆ ಜಗ್ಗಬೇಕು, ಜೀರ್ಣ ನೂಲು ಹರಿದು ಕಲ್ಲು ಅಲ್ಲೇ ಉಳಿದು ಗಾಳ ನಮ್ಮ ಕೈಗೆ ಬರುತ್ತದೆ. "ಕಲ್ಲು ಹೊಳೀಗಿ, ಮೀನ ನಮಗ" ಅನ್ನುತ್ತ ಎಸೆಯುತ್ತಿದ್ದ. ಬಾಳಿಗೆ ಕಪ್ಪೆ, ಕೋಳಿಕರುಳು, ಇಲ್ಲವೇ ಬೆನ್ನಿಗೆ ಚುಚ್ಚಿದ ಜೀವಂತ ಸಣ್ಣಮೀನು. ಹಾವುಮೀನಿಗೆ ಎರೆಹುಳ. ಹುರುಪೆಯ ಮೀನಿಗೆ ಕುಸುಬಿ ಹಿಂಡಿ ಬೆರೆಸಿದ ಜೋಳದ ಹಿಟ್ಟಿನ ಉಂಡೆ. ಎಸೆದ ದಾರದ ಈ ತುದಿಯನ್ನು ಕಾಲಿನ ಹೆಬ್ಬೆರಳಿಗೆ ಸುತ್ತಿ ಉಸುಕಿನಲ್ಲಿ ಅಂಗಾತ ಮಲಗುವುದು. ಏಡಿ ಚಿವುಟಿದರೆ ತುರಿಕೆ. ಬಾಳಿ ಮುಟ್ಟಿದರೆ ಒಂದು ಸಣ್ಣ ಜಗ್ಗು, ಆಮೇಲೆ ಏನೂ ಇಲ್ಲ. ಆ 'ಏನೂ ಇಲ್ಲ' ಮುಗಿಯುವ ತನಕ ಉಸಿರು ಬಿಡಬಾರದು.

ಜಾಗವೂ ಅಷ್ಟೇ. ದೀಪಾವಳಿ ಕಳೆದು ನೀರು ಇಳಿದಂತೆ ಹೊಳೆ ತನ್ನ ಮಡುಗಳನ್ನು ಒಂದೊಂದಾಗಿ ತೋರಿಸುತ್ತಿತ್ತು. ಮುಧೋಳದ ಕಡೆ ಘಟಪ್ರಭೆಯ ತಿರುವುಗಳಲ್ಲಿ ಕೊರೆದ ದಂಡೆಯ ಬುಡ. ಬೀಳಗಿ ಸೀಮೆಯ ಚಿಕ್ಕಸಂಗಮದಲ್ಲಿ ಎರಡು ಹೊಳೆ ಕೂಡುವ ಕಡೆ ಸೆಳವಿಗೂ ನಿಂತ ನೀರಿಗೂ ನಡುವಿನ ಗೆರೆ. ಚಿಕ್ಕಪಡಸಲಗಿಯ ಹತ್ತಿರ ನಮ್ಮ ಹೊಲದ ಕೆಳಗೊಂದು ಮಡು, ಅದಂತೂ ಕಾಕಾನೇ ಹುಡುಕಿಕೊಟ್ಟದ್ದು.

ಇಷ್ಟು ಬರೆದು ನಿಲ್ಲಿಸಿದರೆ ಲೇಖನ ಚಂದವಾಗುತ್ತದೆ, ಸುಳ್ಳಾಗುತ್ತದೆ. 1972ರ ಬರದಲ್ಲಿ ಹೊಳೆ ಹರಿಯುವುದನ್ನೇ ಬಿಟ್ಟಿತ್ತು. ಹೆಂಗಸರು ಉಸುಕಿನಲ್ಲಿ ವರ್ತಿ ತೋಡಿ ಚರಿಗೆಯಿಂದ ನೀರು ತುಂಬುತ್ತಿದ್ದರು. ಹೊಳೆ ದಂಡೆಯ ಹೊಲದಲ್ಲೇ ಜೋಳ ಒಣಗಿತು. ಆ ಬೇಸಿಗೆ ನಮ್ಮ ಮಡುವಿಗೆ ಕಾರೆಕಾಯಿ ಜಜ್ಜಿ ಹಾಕಿ, ಮಂಕಾಗಿ ತೇಲಿದ ಮೀನನ್ನು ಮರಿಯೂ ಬಿಡದೆ ಬುಟ್ಟಿಗೆ ತುಂಬಿದರು. ತುಂಬಿದವರಲ್ಲಿ ಕಾಕಾನೂ ಇದ್ದ, ನಾನೂ ಇದ್ದೆ. ಒಬ್ಬನ ಕೂಡ ಮಾತಾಡುವ ಕಾಕಾ ಅವತ್ತು ಯಾರ ಕೂಡವೂ ಮಾತಾಡಲಿಲ್ಲ.

ಅದಕ್ಕೇ ಚಿಕ್ಕಪಡಸಲಗಿಯಲ್ಲಿ ಬ್ಯಾರೇಜು ಅಂದಾಗ ಹಿಂದೆ ಮುಂದೆ ನೋಡದೆ ಹೋದೆ. ಸಿದ್ದು ನ್ಯಾಮಗೌಡರ ಮುಂದಾಳತನದಲ್ಲಿ ಎರಡೂ ದಂಡೆಯ ರೈತರು ರೊಕ್ಕ ಹಾಕಿ, ಮೈ ಹಾಕಿ ಕಟ್ಟಿದ್ದು ಅದು. 1989ರಲ್ಲಿ ಮುಗಿಯಿತು. ಶ್ರಮಬಿಂದು ಸಾಗರ ಎಂದು ಹೆಸರಿಟ್ಟೆವು. ಆ ಕೆಲಸದ ಬಲದಿಂದಲೇ ನ್ಯಾಮಗೌಡರು 1991ರಲ್ಲಿ ಬಾಗಲಕೋಟೆಯಲ್ಲಿ ರಾಮಕೃಷ್ಣ ಹೆಗಡೆಯವರನ್ನು ಸೋಲಿಸಿ ಲೋಕಸಭೆಗೆ ಹೋದರು. ಬುಟ್ಟಿ ಹೊತ್ತವರಲ್ಲಿ ನಾನೂ ಒಬ್ಬ. ತಲೆಯ ಮೇಲೆ ಕಲ್ಲಿದ್ದಾಗ ಕಾಕಾನ ಮಾತು ನೆನಪಾಗಲೇ ಇಲ್ಲ. ನೀರು ನಿಂತ ವರ್ಷ ಅವನನ್ನು ಕರೆತಂದು ತೋರಿಸಿದೆ. ಮಡುವಿನ ಜಾಗದಲ್ಲಿ ಕಣ್ಣು ಹಾಯುವ ತನಕ ನೀರು. ಕಾಕಾ ಬಹಳ ಹೊತ್ತು ನೋಡಿ, "ಚಲೋ ಆತು. ಆದ್ರ ಇದರಾಗ ತಳಾ ಎಲ್ಲೈತಿ?" ಎಂದ. ನಾನು ನಕ್ಕೆ.

ಆಮೇಲೆ ಮೇಲೆ ಹಿಪ್ಪರಗಿ ಬ್ಯಾರೇಜು, ಕೆಳಗೆ ಆಲಮಟ್ಟಿ. ಲಾಲ್ ಬಹಾದ್ದೂರ್ ಶಾಸ್ತ್ರಿಗಳು 1964ರಲ್ಲಿ ಅಡಿಗಲ್ಲು ಹಾಕಿದ ಆ ಅಣೆಕಟ್ಟೆಯಲ್ಲಿ 519.6 ಮೀಟರಿಗೆ ನೀರು ನಿಂತಾಗ ಬೀಳಗಿ ಸೀಮೆಯ ಎಷ್ಟೋ ಊರು ಗಂಟು ಕಟ್ಟಿದವು, ಚಿಕ್ಕಸಂಗಮದ ಗೆರೆ ಅಳಿಸಿತು. ಚಳಿಗಾಲಕ್ಕೆ ಹಿನ್ನೀರಿಗೆ ಪರದೇಶದ ಹಕ್ಕಿ ಬರುತ್ತವೆ, ಜನ ಫೋಟೊ ತೆಗೆಯುತ್ತಾರೆ. ಮಳೆ ಬಂದಾಗ ಹೊಸ ನೀರಿಗೆ ಎದುರು ಈಜಿ ಮೊಟ್ಟೆ ಇಡಲು ಹೋಗುತ್ತಿದ್ದ ಮೀನಿಗೆ ಮಾತ್ರ ಗೇಟುಗಳು ಅಡ್ಡ. ಈಗ ಸಿಗುವುದು ಬಿತ್ತಿದ ಕಟ್ಲಾ, ಬಿತ್ತದೆ ಬಂದ ಜಿಲೇಬಿ. ಒಂದು ನಸುಕಿನಲ್ಲಿ ಘಟಪ್ರಭೆಯ ಕಪ್ಪು ನೀರಿನಲ್ಲಿ ಮೀನೆಲ್ಲ ಹೊಟ್ಟೆ ಮೇಲಾಗಿ ತೇಲಿದ್ದನ್ನು ನೋಡಿದೆ. ಯಾರ ಹೊಲಸೋ, ಕೇಳಿದವರಿಲ್ಲ. ಜಗತ್ತಿನಲ್ಲಿ ಅಳಿವಿನ ಭಯವಿರುವ ಜೀವಿಗಳ ಪಟ್ಟಿಗೆ ನಮ್ಮ ಬಾಳಿ ಸೇರಿದೆಯಂತೆ. ಪಟ್ಟಿ ಮಾಡಿದವರು ಕಾಕಾನನ್ನು ಮೊದಲೇ ಕೇಳಬಹುದಿತ್ತು, ಈಗ ಅವನೂ ಇಲ್ಲ.

ಸೂಟಿಗೆ ಬಂದ ಮೊಮ್ಮಗ ಬಿಡಲಿಲ್ಲ. ನೂಲು ಸಿಗಲಿಲ್ಲ, ನೈಲಾನಿನಲ್ಲೇ ಗಾಳ ಕಟ್ಟಿಕೊಟ್ಟೆ. ಗಂಟು ಬೆರಳಿಗೆ ನೆನಪಿತ್ತು. ಹೊಳೆಗಲ್ಲು ಹುಡುಕಲು ಹೋದರೆ ದಂಡೆಯ ತುಂಬ ಕೆಸರು, ಅಂಗಳದ ಜಲ್ಲಿಕಲ್ಲೇ ಗತಿ. ಕತ್ತಲಾದ ಮೇಲೆ ನಮ್ಮ ಹೊಲದ ಕೆಳಗೆ ಮಡು ಇದ್ದಿರಬಹುದಾದ ಕಡೆಗೆ ಎಸೆದು, ದಾರವನ್ನು ಹುಡುಗನ ಹೆಬ್ಬೆರಳಿಗೆ ಸುತ್ತಿದೆ. ಮೊಸಳೆಯ ಭಯಕ್ಕೆ ನೀರಿನಿಂದ ದೂರವೇ ಕೂತೆವು. ಅರ್ಧ ತಾಸು ಏನೂ ಇಲ್ಲ. ಆಮೇಲೆ ಅವನು ದಡಕ್ಕನೆ ಎದ್ದು ಕೂತ.

"ಅಜ್ಜಾ, ಜಗ್ಗಾಕತ್ತೈತಿ! ಬಿಡವಲ್ದು!"

ದಾರ ಹಿಡಿದು ನೋಡಿದೆ. ನಿಜ, ತುದಿಯವರೆಗೂ ನಡುಗುತ್ತಿತ್ತು. ಒಂದೇ ಸಮ, ನಿಲ್ಲದಂಥ ನಡುಕ. ಬ್ಯಾಟರಿ ಬಿಟ್ಟೆ. ಕರೆಂಟು ಬಂದಿತ್ತು. ದಾರ ಹೋಗಿ ನೀರೆತ್ತುವ ಪೈಪಿಗೆ ಸುತ್ತಿಕೊಂಡಿತ್ತು.

"ಯಾರ ಮೋಟರಜ್ಜಾ ಇದು?"

ಮೇಲೆ ಕಬ್ಬಿನೊಳಗೆ ನೀರು ಹರಿಯುವ ಸಪ್ಪಳ ಕೇಳಿಸುತ್ತಿತ್ತು. "ನಮ್ದ" ಅಂದೆ.