ವ್ಯಾಂಕೂವರಿನ ಕಡಲ ದಂಡೆಯಲ್ಲಿ

2023ರ ಬೇಸಗೆಯ ಒಂದು ಸಂಜೆ ವ್ಯಾಂಕೂವರಿನ ಕೋಮಗಾಟ ಮಾರು ಸ್ಮಾರಕದೆದುರು ನಿಂತಿದ್ದೆ. ಜೊತೆಗೆ ನನ್ನ ಹಳೆಯ ಶಿಷ್ಯ. 1914ರಲ್ಲಿ ಆ ಹಡಗು ಹೊತ್ತುತಂದ 376 ಭಾರತೀಯರಲ್ಲಿ ನೆಲ ಮುಟ್ಟಿದವರು 24 ಮಂದಿ ಮಾತ್ರ. ತಾಯ್ನಾಡಿನಿಂದ ನಡುವೆಲ್ಲೂ ತಂಗದೆ ಬಂದಿರಬೇಕೆಂಬುದು ಅಂದಿನ ಕಟ್ಟಳೆ. ಹಾಗೆ ಬರುವ ಹಡಗೇ ಇರಲಿಲ್ಲ!

1967ರಿಂದೀಚೆಗೆ ಕೆನಡಾದಲ್ಲಿ ಕಾಯಂ ನೆಲಸುವ ಹಕ್ಕಿಗೆ ಅಂಕಗಳ ತಕ್ಕಡಿ ಬಂದಿತು: ವಯಸ್ಸು, ವಿದ್ಯೆ, ಭಾಷೆ, ಅನುಭವ. “ನನ್ನನ್ನೂ ತೂಗಿ ನೋಡಪ್ಪಾ” ಎಂದೆ.

“ನಿಮ್ಮ ಎಂ.ಎ.ಗೆ ಅಂಕವುಂಟು ಸಾರ್, ಕನ್ನಡಕ್ಕಿಲ್ಲ. ಭಾಷೆಯೆಂದರೆ ಇಲ್ಲಿ ಇಂಗ್ಲಿಷು, ಫ್ರೆಂಚು” ಎಂದು ನಕ್ಕ.

ಪ್ರಾಂತವೊಂದು ಹೆಸರು ಸೂಚಿಸಿದರೆ 600 ಅಂಕ ಒಮ್ಮೆಗೇ ಸೇರುವುದಂತೆ, ಅವನಿಗದು ಒದಗಿರಲಿಲ್ಲ. ಮೂವತ್ತು ತುಂಬಿದೊಡನೆ ಅವಿವಾಹಿತನ ಲೆಕ್ಕದಲ್ಲಿ 5 ಅಂಕ ಕಡಿತ. ಮುಂದೆ ವರ್ಷವರ್ಷವೂ ಇಳಿತವೇ. ಅವನ ಹುಟ್ಟುಹಬ್ಬಕ್ಕೆ ಉಳಿದಿದ್ದುದು 11 ದಿನ. ಪಾಯಸದ ಮಾತೆತ್ತಿದೆ.

“ಬೇಡಿ ಸಾರ್” ಎಂದ.