ಅಜ್ಜಿಗೆ ಹೇಳಿಕೊಟ್ಟ ಉತ್ತರ

ಪರೀಕ್ಷೆಯಲ್ಲಿ ಪಕ್ಕದವನಿಗೆ ಉತ್ತರ ಹೇಳಿಕೊಟ್ಟವರು ನಮ್ಮ ಸಂಘದಲ್ಲಿ ಬೇಕಾದಷ್ಟು ಜನ ಇದ್ದೀರಿ. ಹೆಸರು ಹೇಳುವುದಿಲ್ಲ, ಹೆದರಬೇಡಿ. ನಾನು ಹೇಳಿಕೊಟ್ಟದ್ದು ನನ್ನ ಅಜ್ಜಿಗೆ. ಅವಳು ಪಾಸಾದಳು, 30ಕ್ಕೆ 26. ಆ ಪಾಸಿನಿಂದ ನಮ್ಮ ಮನೆಯಲ್ಲಿ ಏನಾಯಿತು ಎಂಬುದನ್ನು ಬರೆಯಬೇಕೆಂದು ಬಹಳ ದಿನದಿಂದ ಇತ್ತು; ಧೈರ್ಯ ಇರಲಿಲ್ಲ.

ಅಜ್ಜಿ ಕೊಳ್ಳೇಗಾಲದ ಕಡೆಯವಳು. 1955ರಲ್ಲಿ ಮದುವೆಯಾಗಿ ತಿರುವೊಟ್ಟಿಯೂರಿಗೆ ಬಂದಳು. ಆಗ ಕೊಳ್ಳೇಗಾಲ ತಾಲ್ಲೂಕು ಕೊಯಮತ್ತೂರು ಜಿಲ್ಲೆಗೆ ಸೇರಿತ್ತು, ಮದರಾಸು ರಾಜ್ಯದಲ್ಲೇ ಇತ್ತು. ಮೈಸೂರಿಗೆ ಸೇರಿದ್ದು ಮರುವರ್ಷ ನವೆಂಬರ್ 1ಕ್ಕೆ. "ನಾ ಬಂದಾಗ ಎಲ್ಲಾ ಒಂದೇ ಸೀಮೆ ಕಣ್ ಮೊಗ, ಆಮೇಕೆ ಗೆರೆ ಎಳುದ್ರು" ಅಂತ ಹೇಳುತ್ತಿದ್ದಳು. ತಾತ ಇಲ್ಲಿಯ ಬೆಂಕಿಪೊಟ್ಟಣದ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದರು. 2021ರಲ್ಲಿ ಮೆಟ್ರೊ ಬಂತಲ್ಲ, ವಿಮ್ಕೊ ನಗರ್ ಅಂತ, ಆ ಹೆಸರು ಅದೇ ಕಾರ್ಖಾನೆಯದು.

ಅಜ್ಜಿ ಶಾಲೆಯ ಮೆಟ್ಟಿಲು ಹತ್ತಿದವಳಲ್ಲ. ತಮಿಳು ಕಲಿತದ್ದು ಬೀದಿ ನಲ್ಲಿಯ ಹತ್ತಿರ, ಕೊಡ ಇಟ್ಟು ಸಾಲಿನಲ್ಲಿ ನಿಂತು, ಜಗಳ ಆಡುತ್ತ. ಆ ಭಾಷೆಯಲ್ಲಿ ಅವಳು ಗೆದ್ದ ಜಗಳಗಳ ಕಥೆ ನಮ್ಮ ಬೀದಿಯಲ್ಲಿ ಇನ್ನೂ ಇವೆ. ಮನೆಯೊಳಗೆ ಮಾತ್ರ ಕೊಳ್ಳೇಗಾಲದ ಕನ್ನಡ. ಹೊಸಿಲು ದಾಟಿದರೆ ನಾಲಿಗೆ ತಾನಾಗಿ ತಿರುಗುತ್ತಿತ್ತು.

2016ರ ಹೊತ್ತಿಗೆ ಸಾರಿಗೆ ಎರಡು ಸಲ ಉಪ್ಪು ಬೀಳತೊಡಗಿತು. ಕೇಳಿದ್ದನ್ನೇ ಕೇಳುವುದು. ಶುಕ್ರವಾರ ತ್ಯಾಗರಾಜ ಸ್ವಾಮಿ ದೇವಸ್ಥಾನಕ್ಕೆ ಹೋಗಿ ವಡಿವುಡೈ ಅಮ್ಮನನ್ನು ನೋಡಿ ಬಂದವಳು, ಮಧ್ಯಾಹ್ನ ಮತ್ತೆ ಸೀರೆ ಉಟ್ಟು ಹೊರಡುವುದು. ಇದನ್ನೆಲ್ಲ ವಯಸ್ಸು ಅಂದುಕೊಂಡೆವು. ನಮಗೆ ದಿಗಿಲಾದದ್ದು ಬೇರೆ ಕಾರಣಕ್ಕೆ. ಎದುರು ಮನೆಯ ಅಕ್ಕ ತಮಿಳಿನಲ್ಲಿ ಏನೋ ಕೇಳಿದರೆ ಅಜ್ಜಿ ಕನ್ನಡದಲ್ಲಿ ಉತ್ತರ ಕೊಡುತ್ತಿದ್ದಳು. ನಲವತ್ತು ವರ್ಷದ ಸ್ನೇಹ ಅವರದು. ಅಕ್ಕ ನಕ್ಕಳು. ಅಜ್ಜಿಗೆ ಏಕೆ ನಗುತ್ತಾಳೆಂದು ತಿಳಿಯಲಿಲ್ಲ.

2017ರಲ್ಲಿ ಒಂದು ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಆಗ ನಾನು ಮೊದಲ ವರ್ಷದ ಡಿಗ್ರಿ. ಡಾಕ್ಟರಿಗೆ ಕನ್ನಡ ಬರದು, ಅಜ್ಜಿಯ ತಮಿಳು ಕೈಕೊಟ್ಟಿತ್ತು. ತರ್ಜುಮೆಗೆ ನಾನು. ಆ ಪರೀಕ್ಷೆಯನ್ನು 1975ರಲ್ಲಿ ಅಮೆರಿಕದ ಫೋಲ್‌ಸ್ಟೀನ್ ಮತ್ತವರ ಜೊತೆಗಾರರು ಮಾಡಿದ್ದಂತೆ. ಒಟ್ಟು 30 ಅಂಕ. ಸಾಮಾನ್ಯವಾಗಿ 24ಕ್ಕಿಂತ ಕೆಳಗೆ ಬಂದರೆ ಸಂಶಯ. ಇದೆಲ್ಲ ಆಮೇಲೆ ಓದಿ ತಿಳಿದದ್ದು.

ಇವತ್ತು ಯಾವ ವಾರ? ಅಜ್ಜಿ ಥಟ್ಟನೆ "ಸ್ವಾಮಾರ, ಮಾದಪ್ಪನ ವಾರ" ಅಂದಳು. ಅಂದು ಬುಧವಾರ. ನಾನು ಡಾಕ್ಟರಿಗೆ ತಮಿಳಿನಲ್ಲಿ "ಬುಧವಾರ ಅಂತಾರೆ" ಅಂದೆ.

ಮೂರು ಮಾತು ಹೇಳಿ, ಸ್ವಲ್ಪ ಹೊತ್ತು ಬಿಟ್ಟು ಕೇಳುವ ಪ್ರಶ್ನೆಯೊಂದಿದೆ. ಎಲೆ, ಬೆಲ್ಲ, ಬಾಗಿಲು. ಹೊತ್ತು ಕಳೆಯಿತು. ಅಜ್ಜಿ ನನ್ನ ಮುಖ ನೋಡಿದಳು. ಆ ನೋಟ ಇವತ್ತಿಗೂ ಇದೆ: ಬಸ್ಸಿನಲ್ಲಿ ಚಿಲ್ಲರೆ ಸಾಲದೆ ಬಂದಾಗ ಪಕ್ಕದವರ ಕಡೆ ನೋಡುತ್ತಾರಲ್ಲ, ಹಾಗೆ. ನಾನು ಮೆಲ್ಲಗೆ "ಸಿಹಿ ಇರ್ತದಲ್ಲ ಅಜ್ಜಿ, ಉಂಡೆ?" ಅಂದೆ. "ಬೆಲ್ಲ!" ಅಂದಳು. ಬಾಗಿಲಿನ ಕಡೆ ಕಣ್ಣು ಹೊರಳಿಸಿದೆ. "ಬಾಗ್ಲು." ಎಲೆಯನ್ನು ನಾನೇ ಸೇರಿಸಿಬಿಟ್ಟೆ. ಡಾಕ್ಟರು ಬರೆದುಕೊಂಡರು. ಅಪ್ಪನಿಗೆ, ವಯಸ್ಸಿನ ಮರೆವು, ಅಷ್ಟೇನೂ ಇಲ್ಲ ಅಂದರು. ಅವರದೇನು ತಪ್ಪು? ಅವರು ಕೇಳಿದ್ದು ನನ್ನ ಬಾಯಿಂದ.

ಅವಮಾನ ಆಗಬಾರದು ಅಂತ ಮಾಡಿದೆ. ಅವಳಿಗೋ ನನಗೋ ಅಂತ ಕೇಳಿದರೆ ಹೇಳಲಾರೆ.

ಆಮೇಲಿನ ಒಂದೂವರೆ ವರ್ಷ ಮನೆಯಲ್ಲಿ ಎಲ್ಲರೂ ಅಜ್ಜಿಯನ್ನು ಬೈದೆವು. ಕಾಯಿಲೆ ಇಲ್ಲ ಅಂತ ಡಾಕ್ಟರೇ ಹೇಳಿದ್ದಾರಲ್ಲ, ಹಾಗಾದರೆ ಇದೆಲ್ಲ ಬೇಕೆಂದೇ ಮಾಡುವುದು. ತಾತನ ಪಿಂಚಣಿ ದುಡ್ಡು ಅಕ್ಕಿ ಡಬ್ಬದಲ್ಲಿ ಸಿಕ್ಕಿದ ದಿನ ಅಪ್ಪ, ಎಂದೂ ದನಿ ಎತ್ತದವರು, ಹೆತ್ತ ತಾಯಿಗೆ "ನಾಟಕ ಆಡ್ತೀಯಾ?" ಅಂತ ಕೂಗಿದರು. ಅಜ್ಜಿ ಮೂಲೆಯಲ್ಲಿ ಕೂತು ಸೆರಗು ಕಚ್ಚಿಕೊಂಡಳು. ನಾನು ಪುಸ್ತಕ ಹಿಡಿದುಕೊಂಡೇ ಇದ್ದೆ. ಆಗಲೂ ಬಾಯಿ ಬಿಡಲಿಲ್ಲ.

ಒಂದು ಸಂಜೆ ಕಾಣೆಯಾದಳು. ಸಿಕ್ಕಿದ್ದು ಕಡಲ ಕಡೆ, ಪಟ್ಟಿನತ್ತಾರ್ ಸಮಾಧಿಯ ಆಚೆ, ಅಲೆ ತಡೆಯಲು ಹಾಕಿರುವ ಬಂಡೆಗಳ ಹತ್ತಿರ. ನೀರಿನತ್ತ ಕೈ ತೋರಿಸಿ "ಇಲ್ಲೊಂದು ಬೀದಿ ಇತ್ತು, ಎತ್ಲಾಗೋಯ್ತು?" ಅಂತ ಹೋಗಿಬರುವವರನ್ನೆಲ್ಲ ಕೇಳುತ್ತಿದ್ದಳಂತೆ. ಜನ ನಕ್ಕರು. ಮಾರನೆಯ ದಿನ ಮೀನುಗಾರರ ಕುಪ್ಪದ ಮುದುಕರೊಬ್ಬರು, ಇತ್ತಪ್ಪ, ಕಡಲು ತಿಂದಿತು ಅಂದರು. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಮದರಾಸಿನ ಬಂದರು ಕಟ್ಟಿದ ಮೇಲೆ ಮರಳೆಲ್ಲ ತೆಂಕಣಕ್ಕೆ ನಿಂತು ಮರೀನಾ ಅಗಲವಾಯಿತು. ಬಡಗಣದಲ್ಲಿ ರಾಯಪುರದಿಂದ ನಮ್ಮ ಊರಿನವರೆಗೆ ದಡ ಕೊರೆಯುತ್ತ ಬಂತು. ಅಜ್ಜಿ ಹೇಳಿದ್ದು ನಿಜ. ಆದರೆ ಪ್ರಶ್ನೆಪತ್ರಿಕೆಯಲ್ಲಿ ಆ ಬೀದಿ ಇಲ್ಲ.

2019ರಲ್ಲಿ ಬೆಂಗಳೂರಿಗೆ, ಚಿಕ್ಕಪ್ಪನ ಮನೆಗೆ ಕರೆದೊಯ್ದೆವು. ಅಲ್ಲಿ ಪರೀಕ್ಷೆ ಮಾಡಿದವರು ನರಮನಶ್ಶಾಸ್ತ್ರ ಓದಿದ ಹೆಂಗಸು. ಡಾಕ್ಟರು ಮಿದುಳಿನ ಚಿತ್ರ ತೆಗೆಸಿ ನೋಡುತ್ತಾರೆ. ಇವರು ಮಿದುಳು ಮಾಡುವ ಕೆಲಸವನ್ನು ಒಂದೊಂದಾಗಿ ಮಾಡಿಸಿ ನೋಡುತ್ತಾರೆ. ನನ್ನನ್ನು ಹೊರಗೆ ಕೂರಲು ಹೇಳಿದರು. ಒಂದು ನಿಮಿಷದಲ್ಲಿ ಎಷ್ಟು ಪ್ರಾಣಿಗಳ ಹೆಸರು ಹೇಳುತ್ತೀರಿ? ಬಾಗಿಲ ಸಂದಿಯಿಂದ ಕೇಳುತ್ತಿತ್ತು: "ದನ... ಎಮ್ಮೆ... ಆಡು... ದನ... ಎಮ್ಮೆ..." ಗಡಿಯಾರ ನೋಡುತ್ತ ನಾನು ಹೊರಗೆ ನಾಯಿ, ನರಿ, ಆನೆ ಅಂತ ಬಾಯೊಳಗೇ ಹೇಳಿಕೊಳ್ಳುತ್ತಿದ್ದೆ.

ಆಮೇಲೆ ಅವರು ಹಳೆಯ ಚೀಟಿ ನೋಡಿ, "ಇದನ್ನ ಯಾರು ತರ್ಜುಮೆ ಮಾಡಿದ್ದು?" ಅಂದರು. ಹೇಳಿಬಿಟ್ಟೆ, ಎಲ್ಲಾ. ಅವರು ಬೈಯಲಿಲ್ಲ. "ಹಾಗಾದ್ರೆ ಆ 26 ನಿಮ್ಮ ಮಾರ್ಕು" ಅಂದರು. ಅಪ್ಪ ಪಕ್ಕದಲ್ಲೇ ಇದ್ದರು. ಚೆನ್ನೈ ರೈಲಿನಲ್ಲಿ ಕಾಟ್ಪಾಡಿವರೆಗೆ ನನ್ನ ಜೊತೆ ಮಾತಾಡಲಿಲ್ಲ.

ಕಾಯಿಲೆ ಅಲ್‌ಜೈಮರ್. ಒಂದೂವರೆ ವರ್ಷ ಮೊದಲೇ ತಿಳಿದಿದ್ದರೆ ವಾಸಿಯಾಗುತ್ತಿತ್ತೆ? ಇಲ್ಲ. ಅವಳಿಗೆ ಆಮೇಲೆ ಕೊಟ್ಟ ಮಾತ್ರೆ ಒಂದಿಷ್ಟು ದಿನ ಕೈಹಿಡಿಯುತ್ತದೆ, ಅಷ್ಟೇ. ಆದರೆ ಬೈಯುತ್ತಿರಲಿಲ್ಲ.

ಆಮೇಲೆ ಈ ವಿಷಯ ಓದುವ ಹುಚ್ಚು ಹಿಡಿಯಿತು. ಹರಿಯಾಣದ ಬಲ್ಲಭಗಢದ ಹಳ್ಳಿಗಳಲ್ಲಿ ಓದುಬರಹ ಬಾರದ ಮುದುಕರಿಗಾಗಿ ಆ ಅಮೆರಿಕದ ಪರೀಕ್ಷೆಯನ್ನೇ ಹಿಂದಿಯಲ್ಲಿ ಬದಲಿಸಿದ್ದರು. ನೂರರಿಂದ ಏಳೇಳು ಕಳೆಯಿರಿ ಅನ್ನುವ ಬದಲು ವಾರಗಳನ್ನು ಹಿಂದುಮುಂದಾಗಿ ಹೇಳಿಸುವುದು, ಹೀಗೆ. ನಿಮ್ಹಾನ್ಸಿನಲ್ಲಿ ಶೋಭಿನಿ ರಾವ್ ಮತ್ತು ಸಂಗಡಿಗರು 2004ರಲ್ಲಿ ಹೊರತಂದ ಪರೀಕ್ಷಾಮಾಲೆಯಲ್ಲಿ ನಮ್ಮ ದೇಶದವರ ವಯಸ್ಸು, ಓದು, ಗಂಡು-ಹೆಣ್ಣು ನೋಡಿ ಅಳತೆ ಹಾಕಿದ್ದಾರೆ. ಅಕ್ಷರ ಬಾರದ ಎಂಬತ್ತರ ಹೆಂಗಸನ್ನು ಕಾಲೇಜಿನ ಹುಡುಗನ ಅಳತೆಕೋಲಿನಲ್ಲಿ ಅಳೆಯಬಾರದು ಎಂಬ ಇಷ್ಟು ಸರಳ ಮಾತಿಗೆ ಎಷ್ಟು ವರ್ಷಗಳ ಕೆಲಸ!

ಇನ್ನೊಂದು ಸಂಶೋಧನೆ ಓದಿದ ರಾತ್ರಿ ನಿದ್ದೆ ಬರಲಿಲ್ಲ. ಸುವರ್ಣಾ ಅಲ್ಲಾಡಿ ಎಂಬ ನರರೋಗ ತಜ್ಞರು, ಈಗ ನಿಮ್ಹಾನ್ಸಿನಲ್ಲಿದ್ದಾರೆ, ಹೈದರಾಬಾದಿನ ನಿಜಾಮ್ ಸಂಸ್ಥೆಯಲ್ಲಿ ಇಂಥ 648 ರೋಗಿಗಳನ್ನು ನೋಡಿ 2013ರಲ್ಲಿ ಬರೆದದ್ದು. ಒಂದೇ ಭಾಷೆಯವರಿಗಿಂತ ಎರಡು ಭಾಷೆ ಆಡುವವರಿಗೆ ಕಾಯಿಲೆ ಸುಮಾರು ನಾಲ್ಕೂವರೆ ವರ್ಷ ತಡವಾಗಿ ಕಾಣಿಸಿಕೊಂಡಿತ್ತು. ಅಕ್ಷರ ಬಾರದವರಲ್ಲೂ ತಡವಾಗಿತ್ತು, ಅಂದರೆ ಇದು ಬರೀ ಶಾಲೆಯ ಪುಣ್ಯವಲ್ಲ. ಎರಡಕ್ಕಿಂತ ಹೆಚ್ಚು ಭಾಷೆ ಕಲಿತವರಿಗೆ ಹೆಚ್ಚಿನ ಲಾಭ ಕಾಣಲಿಲ್ಲ. ಟೊರೊಂಟೊದಲ್ಲಿ ಎಲೆನ್ ಬಿಯಾಲಿಸ್ಟಾಕ್ 2007ರಲ್ಲಿ ಇಂಥದೇ ಹೇಳಿದ್ದರು. ಆದರೆ ಅಲ್ಲಿ ಎರಡು ಭಾಷೆಯವರಲ್ಲಿ ಬಹಳ ಮಂದಿ ವಲಸೆ ಬಂದವರು, ಹೈದರಾಬಾದಿನಲ್ಲಿ ಹಾಗಲ್ಲ. ನ್ಯೂಯಾರ್ಕಿನಲ್ಲಿ ಆರೋಗ್ಯವಾಗಿದ್ದ ಮುದುಕರನ್ನು ವರ್ಷಗಟ್ಟಲೆ ಗಮನಿಸಿದವರಿಗೆ ಮಾತ್ರ ಇಂಥ ಲಾಭ ಕಾಣಲಿಲ್ಲ. ಹಾಗಾಗಿ ವಾದ ಮುಗಿದಿಲ್ಲ.

ಸರಾಸರಿ ಲೆಕ್ಕವನ್ನು ಒಬ್ಬಳೇ ಮುದುಕಿಗೆ ಹಚ್ಚಬಾರದು, ಗೊತ್ತು. ಆದರೂ ಹಚ್ಚಿದೆ. 2016ರಿಂದ ನಾಲ್ಕೂವರೆ ವರ್ಷ ಹಿಂದಕ್ಕೆ ಎಣಿಸಿದರೆ ನನ್ನ ಹೈಸ್ಕೂಲಿನ ದಿನಗಳು. ಮಹದೇಶ್ವರ ಬೆಟ್ಟದ ಕಥೆಗಳನ್ನೆಲ್ಲ ಅವಳು ನನಗೆ ಹೇಳಿದ್ದು ಆಗಲೇ. ಅಷ್ಟನ್ನು ಆ ಬೀದಿ ನಲ್ಲಿಯ ಜಗಳಗಳು ಕೊಡಿಸಿದ್ದು ಅಂತ ಅಂದುಕೊಳ್ಳುತ್ತೇನೆ. ನಾನೋ, ಒಂದೂವರೆ ವರ್ಷ ಕಳೆದೆ.

ಈಗ ಅಜ್ಜಿಗೆ ತಮಿಳು ಪೂರ್ತಿ ಹೋಗಿದೆ. ಎಲ್ಲರಿಗೂ ಹೀಗೆ ಆಗುವುದಿಲ್ಲವಂತೆ, ಇವಳಿಗೆ ಆಯಿತು. ಎದುರು ಮನೆಯ ಅಕ್ಕ ದಿನಾ ಮಧ್ಯಾಹ್ನ ಬರುತ್ತಾಳೆ. ಅಜ್ಜಿಗೆ ಅವಳ ಗುರುತಿಲ್ಲ. ಹೋದ ತಿಂಗಳು ಅಕ್ಕ ಒಂದು ಹಳೆ ಕ್ಯಾಲೆಂಡರಿನ ಹಾಳೆ ತಂದು, ಅವರಿಗೆ ಬೇಕಾಗುವ ಕನ್ನಡ ಮಾತು ಬರೆಸು ಅಂದಳು. ಊಟ, ನೀರು, ಹಾಲು, ಹೋಗೋಣ, ನೋವಾ. ತಮಿಳು ಅಕ್ಷರದಲ್ಲಿ ಬರೆದುಕೊಂಡಳು. ಹಕಾರ ಅವಳ ಬಾಯಿಗೆ ಬರಲೊಲ್ಲದು. ಹಾಲು ಅಂತ ನಾಲ್ಕು ಸಲ ತಿದ್ದಿದೆ, ನಾಲ್ಕು ಸಲವೂ "ಆಲು" ಅಂದಳು. ಸಾಕು ಬಿಡಿ ಅಂದೆ. ಅಜ್ಜಿಯ ಹತ್ತಿರ ಹೋಗಿ ಲೋಟ ಹಿಡಿದು "ಆಲು" ಅಂದಳು.

"ಆಲಾ? ಕೊಡವ್ವ" ಅಂದಳು ಅಜ್ಜಿ. ಕೊಳ್ಳೇಗಾಲದಲ್ಲೂ ಅದು ಆಲೇ.